ಗ್ರೇಡ್ 1ರಲ್ಲಿ ಡಿಸ್ಟಿಂಕ್ಷನ್, ಆದರೆ ಹೊಸ ಪುಸ್ತಕದ ಒಂದು ಸಾಲೂ ಓದಲು ಬರುವುದಿಲ್ಲ: ಪಿಯಾನೊ ಟೀಚರನ್ನು ಬದಲಿಸಬೇಕಾ?

ಪ್ರಶ್ನೆ: ನಮ್ಮ ಮನೆ ಮಂಗಳೂರಿನ ಬಿಜೈಯಲ್ಲಿ. ಮಗಳಿಗೆ ಎಂಟು ವರ್ಷ. ಎರಡು ವರ್ಷದಿಂದ ಹತ್ತಿರದ ಒಂದು ಕ್ಲಾಸಿನಲ್ಲಿ ಪಿಯಾನೊ ಕಲಿಯುತ್ತಿದ್ದಾಳೆ. ಮನೆಯಲ್ಲಿರುವುದು 61 ಕೀಗಳ ಕೀಬೋರ್ಡ್. ಕಳೆದ ವರ್ಷ ವಿಡಿಯೊ ಕಳಿಸಿ ಗ್ರೇಡ್ 1 ಪರೀಕ್ಷೆ ಕೊಟ್ಟಳು, ಡಿಸ್ಟಿಂಕ್ಷನ್ ಬಂತು. ಮೊನ್ನೆ ಸಂಬಂಧಿಕರೊಬ್ಬರು ಅದಕ್ಕಿಂತ ಸುಲಭದ ಒಂದು ಪುಸ್ತಕ ಕೊಟ್ಟರು. ಅದರ ಮೊದಲ ಸಾಲೂ ಅವಳಿಗೆ ಓದಲು ಬರಲಿಲ್ಲ, ಅತ್ತುಬಿಟ್ಟಳು. ಆದರೆ ಅಜ್ಜ ಹಾಡುವ ಭಜನೆ, ಯಕ್ಷಗಾನದ ಪದ ಎಲ್ಲ ಕೇಳಿಯೇ ನುಡಿಸುತ್ತಾಳೆ. ಅದನ್ನು ನಿಲ್ಲಿಸಬೇಕಾ? ಟೀಚರನ್ನು ಬದಲಿಸಬೇಕಾ? ಮೂವರ ಹೆಸರು ಸಿಕ್ಕಿದೆ. ಒಬ್ಬರು ಚರ್ಚಿನಲ್ಲಿ ಆರ್ಗನ್ ನುಡಿಸುವ ಹಿರಿಯರು, ಒಬ್ಬರು ಡಿಪ್ಲೊಮಾ ಮುಗಿಸಿದ 24ರ ಹುಡುಗಿ, ಇನ್ನೊಬ್ಬರು ಬೆಂಗಳೂರಿನಿಂದ ಆನ್‌ಲೈನಿನಲ್ಲಿ ಕಲಿಸುವವರು. ನಮಗಿಬ್ಬರಿಗೂ ಸಂಗೀತ ಗೊತ್ತಿಲ್ಲ. ಒಳ್ಳೆಯ ಟೀಚರನ್ನು ಗುರುತಿಸುವುದು ಹೇಗೆ?

ಉತ್ತರ: ಮೊದಲು ಒಂದು ಕೆಲಸ ಮಾಡಿ. ಮಗಳ ಗ್ರೇಡ್ 1 ಪುಸ್ತಕ ತೆಗೆದು, ಅವಳು ಪರೀಕ್ಷೆಗೆ ನುಡಿಸಿದ ಪುಟ ಬಿಡಿಸಿ. ಇದಕ್ಕೆ ಸಂಗೀತ ಗೊತ್ತಿರಬೇಕೆಂದಿಲ್ಲ. ಐದು ಗೆರೆಗಳ ಮೇಲೆ ಕೂತ ಚುಕ್ಕಿಗಳ ಕೆಳಗೆ ಪೆನ್ಸಿಲಿನಲ್ಲಿ ಸಿ, ಡಿ, ಇ, ಎಫ್ ಎಂದು ಇಂಗ್ಲಿಷ್ ಅಕ್ಷರ ಬರೆದಿದೆಯಾ ನೋಡಿ. ಒಂದೆರಡು ಕಡೆ ಇದ್ದರೆ ಚಿಂತೆ ಬೇಡ. ಪುಟದ ಉದ್ದಕ್ಕೂ ಪ್ರತಿ ಚುಕ್ಕಿಯ ಕೆಳಗೂ ಇದ್ದರೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಎರಡು ವರ್ಷ ಅವಳು ಓದಿದ್ದು ಆ ಪೆನ್ಸಿಲ್ ಅಕ್ಷರಗಳನ್ನು. ಕಣ್ಣು ಮಹಾ ಸೋಮಾರಿ. ಗೊತ್ತಿರುವ ಅಕ್ಷರ ಕೆಳಗೇ ಇರುವಾಗ ಗೊತ್ತಿಲ್ಲದ ಚುಕ್ಕಿಯನ್ನು ಅದು ಯಾಕೆ ನೋಡುತ್ತದೆ?

ಅಕ್ಷರ ಇಲ್ಲದಿದ್ದರೆ ಇನ್ನೊಂದು ನೋಡಿ. ಪರೀಕ್ಷೆಯ ಪೀಸನ್ನು ಮೂರನೇ ಸಾಲಿನಿಂದ ಶುರು ಮಾಡಲು ಹೇಳಿ. ಆಗುವುದಿಲ್ಲ, ಮೊದಲಿಂದಲೇ ಬರಬೇಕು ಎಂದರೆ ಅದು ಬಾಯಿಪಾಠ. ಏಳಾರ್ಲಿ ಎಷ್ಟು ಎಂದು ಕೇಳಿದರೆ ಏಳೊಂದ್ಲಿ ಏಳರಿಂದ ಹೊರಡುವ ಮಕ್ಕಳಿರುತ್ತಾರಲ್ಲ, ಹಾಗೆ. ನಿಮ್ಮ ಮಗಳಿಗೆ ಒಳ್ಳೆಯ ಕಿವಿ ಉಂಟು ಎಂದು ಅಜ್ಜನ ಪದದ ಸುದ್ದಿಯಿಂದಲೇ ಗೊತ್ತಾಯಿತು. ಇಂಥ ಮಕ್ಕಳಿಗೇ ಓದುವುದು ತಡ. ಟೀಚರ್ ಒಮ್ಮೆ ನುಡಿಸಿ ತೋರಿಸುತ್ತಾರೆ, ಇವಳು ಕಿವಿಯಲ್ಲಿ ಹಿಡಿಯುತ್ತಾಳೆ. ಪುಸ್ತಕ ಎದುರಿಗಿರುತ್ತದೆ, ಪುಟ ಮಗುಚುವ ಹೊತ್ತಿಗೆ ಸರಿಯಾಗಿ ಮಗುಚುತ್ತಾಳೆ ಕೂಡ. ಓದುತ್ತಿದ್ದಾಳೆ ಎಂದೇ ಎಲ್ಲರೂ ಅಂದುಕೊಳ್ಳುತ್ತಾರೆ.

ಹಾಗಾದರೆ ಡಿಸ್ಟಿಂಕ್ಷನ್ ಹೇಗೆ ಬಂತು? ಪರೀಕ್ಷೆಯಲ್ಲಿ ಮೋಸ ಏನೂ ಇಲ್ಲ. ನಮ್ಮ ಕಡೆ ಮಕ್ಕಳು ಕೊಡುವುದು ಹೆಚ್ಚಾಗಿ ಲಂಡನ್ನಿನ ಎರಡು ಮಂಡಳಿಗಳ ಪರೀಕ್ಷೆ, ಟ್ರಿನಿಟಿ ಮತ್ತು ಎಬಿಆರ್‌ಎಸ್‌ಎಂ. 2020ರಲ್ಲಿ, ಕೋವಿಡ್ ಸಮಯದಲ್ಲಿ, ಎರಡೂ ಮಂಡಳಿಗಳು ವಿಡಿಯೊ ಕಳಿಸುವ ಪರೀಕ್ಷೆ ತಂದವು. ಅದರಲ್ಲಿ ನುಡಿಸಿದ್ದನ್ನು ರೆಕಾರ್ಡ್ ಮಾಡಿ ಕಳಿಸಿದರಾಯಿತು. ನೋಡಿರದ ಸಾಲನ್ನು ಅಲ್ಲೇ ಓದಿ ನುಡಿಸುವ ಸೈಟ್ ರೀಡಿಂಗ್ ಭಾಗ ಇಲ್ಲ. ಪರೀಕ್ಷಕರ ಎದುರು ಕೂತು ಕೊಡುವ ಪರೀಕ್ಷೆಯಲ್ಲೂ ಟ್ರಿನಿಟಿಯವರು ಗ್ರೇಡ್ 5ರವರೆಗೆ ನಾಲ್ಕು ಸಣ್ಣ ಪರೀಕ್ಷೆಗಳಲ್ಲಿ ಯಾವುದಾದರೂ ಎರಡನ್ನು ಆರಿಸಿಕೊಳ್ಳಲು ಬಿಡುತ್ತಾರೆ. ಸೈಟ್ ರೀಡಿಂಗ್ ಬೇಡ ಎಂದರೆ ಬಿಡಬಹುದು. ಎಬಿಆರ್‌ಎಸ್‌ಎಂ ಮುಖಾಮುಖಿ ಪರೀಕ್ಷೆಯಲ್ಲಿ ಅದು ಕಡ್ಡಾಯ. ಆದರೆ 150 ಅಂಕದಲ್ಲಿ ಅದಕ್ಕಿರುವುದು 21, ಮೂರು ಪೀಸುಗಳಿಗೇ 90. ಅಂದರೆ ವರ್ಷವಿಡೀ ಮೂರು ಪೀಸು ತಿಕ್ಕಿ ತಿಕ್ಕಿ ಹೊಳೆಸಿದ ಮಗುವಿಗೆ ಒಳ್ಳೆಯ ಅಂಕ ಬಂದೇ ಬರುತ್ತದೆ. ಸರ್ಟಿಫಿಕೇಟ್ ಹೇಳುವುದು ಆ ಪೀಸುಗಳನ್ನು ಚೆನ್ನಾಗಿ ನುಡಿಸಿದಳು ಎಂದಷ್ಟೇ. ಅಷ್ಟು ನಿಜವೇ.

ಇಲ್ಲಿ ನನ್ನ ತಪ್ಪೂ ಒಂದು ಹೇಳಿಬಿಡುತ್ತೇನೆ. ಕಲಿಸಲು ಶುರು ಮಾಡಿದ ಮೊದಲ ನಾಲ್ಕೈದು ವರ್ಷ ನಾನು ಮಾಡಿದ್ದೂ ಇದನ್ನೇ. ತಂದೆತಾಯಿಗೆ ಸರ್ಟಿಫಿಕೇಟ್ ಬೇಕು, ನನಗೆ ಹೆಸರು ಬೇಕು. ಒಬ್ಬ ಹುಡುಗನಿಗೆ ಪ್ರತಿ ವರ್ಷ ಮೂರು ಪೀಸು ಕಲಿಸಿ ಗ್ರೇಡ್ 4ರ ತನಕ ತಂದೆ. ಎಲ್ಲದರಲ್ಲೂ ಒಳ್ಳೆಯ ಅಂಕ. ಗ್ರೇಡ್ 5ರ ಪೀಸು ಮೂರು ಪುಟ. ನಾನು ನುಡಿಸಿ ತೋರಿಸಿದ್ದು ಅವನ ನೆನಪಿನಲ್ಲಿ ಹಿಡಿಸಲಿಲ್ಲ. ಓದಲು ಬರುತ್ತಿರಲಿಲ್ಲ. ಆಗ ಅವನಿಗೆ ಹದಿಮೂರು. ಆರಂಭದ ಪುಸ್ತಕಕ್ಕೆ ಹಿಂದೆ ಹೋಗೋಣ ಎಂದೆ. ಅವನಿಗೆ ಅವಮಾನವಾಯಿತು, ಬಿಟ್ಟುಬಿಟ್ಟ. ಎಂಟು ವರ್ಷದಲ್ಲಿ ಹಿಂದೆ ಹೋಗುವುದು ಸುಲಭ. ನಿಮ್ಮ ಮಗಳು ಅತ್ತದ್ದು ಈಗಲೇ ಆಯಿತಲ್ಲ, ಒಳ್ಳೆಯದೇ ಆಯಿತು.

ಈಗಿನ ಟೀಚರ್ ಬಗ್ಗೆ. ಬದಲಿಸುವ ಮೊದಲು ಅವರ ಹತ್ತಿರ ಒಮ್ಮೆ ಮಾತಾಡಿ. ದೂರು ಹೇಳುವ ಹಾಗೆ ಬೇಡ. "ಇವಳಿಗೆ ಹೊಸ ಪುಸ್ತಕ ಓದಲು ಬರುವುದಿಲ್ಲ, ಎಂತ ಮಾಡುವ ಟೀಚರ್?" ಎಂದು ಕೇಳಿ, ಸುಮ್ನೆ ಇರಿ. "ಹೌದು, ನಾನೂ ನೋಡಿದೆ. ಈ ವರ್ಷ ಪರೀಕ್ಷೆ ಬೇಡ, ಸ್ವಲ್ಪ ಹಿಂದೆ ಹೋಗುವ" ಎಂದರೆ ಅವರನ್ನು ಬಿಡಬೇಡಿ. "ಮುಂದೆ ತನ್ನಷ್ಟಕ್ಕೇ ಬರ್ತದೆ, ಗ್ರೇಡ್ 2 ಫಾರ್ಮ್ ತುಂಬಿಸಿ" ಎಂದರೆ ಹುಡುಕಲು ಹೊರಡಿ. ತನ್ನಷ್ಟಕ್ಕೇ ಬರುವುದಿಲ್ಲ.

ಇನ್ನೊಂದು ಸಂಶಯವನ್ನೂ ತೀರಿಸಿಕೊಳ್ಳಿ. ಅಲ್ಲಿ ಕಲಿಸುವುದು ಪಿಯಾನೊ ಹೌದಾ? ಊರಲ್ಲಿ 'ಪಿಯಾನೊ ಕ್ಲಾಸ್' ಬೋರ್ಡಿನ ಒಳಗೆ ಎಷ್ಟೋ ಕಡೆ ನಡೆಯುವುದು ಕೀಬೋರ್ಡ್ ಕ್ಲಾಸ್. ಎರಡೂ ನೋಡಲು ಒಂದೇ ಥರ, ವಿದ್ಯೆ ಮಾತ್ರ ಬೇರೆ. ಕೀಬೋರ್ಡಿನಲ್ಲಿ ಬಲಗೈ ರಾಗ ನುಡಿಸುತ್ತದೆ, ಎಡಗೈ ಕಾರ್ಡ್ (ಒಟ್ಟಿಗೆ ಒತ್ತುವ ಮೂರು ನಾಲ್ಕು ಸ್ವರ) ಒತ್ತಿ ಹಿಡಿಯುತ್ತದೆ, ಡ್ರಮ್ಸು ಮೆಷಿನ್ನಿನದ್ದು. ಓದಬೇಕಾದ್ದು ಒಂದೇ ಸಾಲು. ಪಿಯಾನೊದಲ್ಲಿ ಎರಡು ಕೈಗೆ ಎರಡು ಸಾಲು, ಎರಡನ್ನೂ ಒಟ್ಟಿಗೆ ಓದಬೇಕು. ಟ್ರಿನಿಟಿಯವರು ಎಲೆಕ್ಟ್ರಾನಿಕ್ ಕೀಬೋರ್ಡಿಗೆ ಬೇರೆಯೇ ಪರೀಕ್ಷೆ ಇಟ್ಟಿದ್ದಾರೆ. ಸರ್ಟಿಫಿಕೇಟಿನಲ್ಲಿ ವಾದ್ಯದ ಹೆಸರು ಎಂತ ಬರೆದಿದೆ ಎಂದು ನೋಡಿ. ಕೀಬೋರ್ಡ್ ಕೀಳು ಎಂದು ನಾನು ಹೇಳುವುದಿಲ್ಲ. ಮದುವೆ ಮನೆಯಲ್ಲಿ ಬ್ಯಾಂಡಿನ ಜೊತೆ ನುಡಿಸುವವರ ಕೈಚಳಕ ನನಗಿಲ್ಲ. ಆದರೆ ದೋಸೆ ಕೇಳಿ ಇಡ್ಲಿ ತಿಂದು ಬರುವುದು ಬೇಡ ಅಲ್ವಾ?

ಇನ್ನು ನಿಮ್ಮ ಮೂವರು.

ಚರ್ಚಿನ ಹಿರಿಯರ ಹೆಸರು ಕೇಳಿದ ಕೂಡಲೇ ನನ್ನ ಮನಸ್ಸು ಆ ಕಡೆ ವಾಲಿತು, ಮುಚ್ಚಿಡುವುದಿಲ್ಲ. ಕಾರಣ ಇದೆ. ನಮ್ಮೂರಿನಲ್ಲಿ ಪಾಶ್ಚಾತ್ಯ ಸಂಗೀತ ಹೆಚ್ಚಾಗಿ ಬೆಳೆದದ್ದು ಚರ್ಚುಗಳ ಕ್ವಾಯರಿನಲ್ಲಿ, ಅಂದರೆ ಹಾಡುವ ತಂಡಗಳಲ್ಲಿ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, ಜರ್ಮನ್ ರಾಗಗಳಿಗೆ ಕನ್ನಡದ, ತುಳುವಿನ ಮಾತು ಹೊಂದಿಸಿ ನಾಲ್ಕು ದನಿಯಲ್ಲಿ ಹಾಡಿಸಿದರು. ಕೆಥೊಲಿಕ್ ಇಗರ್ಜಿಗಳಲ್ಲಿ ಕೊಂಕಣಿ ಗೀತೆಗಳ ಕ್ವಾಯರು ಇವತ್ತಿಗೂ ಗಟ್ಟಿ. ಈ ಕ್ವಾಯರುಗಳಿಗೆ ವರ್ಷಗಟ್ಟಲೆ ಆರ್ಗನ್ ನುಡಿಸಿದವರಿಗೆ ಓದುವುದು ನೀರು ಕುಡಿದ ಹಾಗೆ. ಶನಿವಾರ ಸಂಜೆ ಹೊಸ ಹಾಡು ಕೈಗೆ ಬರುತ್ತದೆ, ಭಾನುವಾರ ಬೆಳಿಗ್ಗೆ ನುಡಿಸಬೇಕು. ನಾಲ್ಕು ದನಿಯನ್ನು ಒಟ್ಟಿಗೆ ಓದಬೇಕು. ಹಾಡುವವರ ಗಂಟಲು ಆ ದಿನ ಏಳದಿದ್ದರೆ ಅದೇ ಹಾಡನ್ನು ಒಂದು ಮನೆ, ಅಂದರೆ ಒಂದು ಸ್ವರದಷ್ಟು, ಕೆಳಗಿಳಿಸಿ ನುಡಿಸಬೇಕು. ಡಿಪ್ಲೊಮಾ ಇದ್ದವರೂ ಎಷ್ಟೋ ಮಂದಿ ಇದಕ್ಕೆ ಬೆವರುತ್ತಾರೆ. ನಿಮ್ಮ ಮಗಳಿಗೆ ಕೊರತೆ ಇರುವುದೂ ಇಲ್ಲೇ.

ಆದರೆ ಒಂದು ವಿಷಯ ಪರೀಕ್ಷಿಸಿಯೇ ಹೋಗಿ. ಆರ್ಗನ್ನಿನಲ್ಲಿ ಕೀಯನ್ನು ಮೆಲ್ಲಗೆ ಒತ್ತಿದರೂ ಅಷ್ಟೇ ಸದ್ದು, ಜೋರಾಗಿ ಒತ್ತಿದರೂ ಅಷ್ಟೇ. ಪಿಯಾನೊ ಹಾಗಲ್ಲ. ಅದರ ಹೆಸರೇ 'ಮೆಲ್ಲಗೆ, ಜೋರಾಗಿ' ಎಂಬ ಇಟಾಲಿಯನ್ ಮಾತಿನಿಂದ ಬಂದದ್ದು. 1700ರ ಸುಮಾರಿಗೆ ಫ್ಲಾರೆನ್ಸಿನಲ್ಲಿ ಬಾರ್ತೊಲೊಮಿಯೊ ಕ್ರಿಸ್ಟೊಫೊರಿ ಅದನ್ನು ಮಾಡಿದ್ದು ಈ ಒಂದು ಗುಣಕ್ಕಾಗಿಯೇ. ಬೆರಳಿನ ಭಾರ ಬದಲಾದ ಹಾಗೆ ಒಳಗಿನ ಸುತ್ತಿಗೆ ತಂತಿಗೆ ಬೀಳುವ ರಭಸ ಬದಲಾಗುತ್ತದೆ. ಜೀವನವಿಡೀ ಆರ್ಗನ್ ನುಡಿಸಿದ ಕೆಲವರು ಪಿಯಾನೊವನ್ನೂ ಒಂದೇ ಮಟ್ಟದಲ್ಲಿ ನುಡಿಸುತ್ತಾರೆ. ಎಲ್ಲ ಸ್ವರವೂ ಸರಿ, ಏರಿಳಿತ ಮಾತ್ರ ಇಲ್ಲ. ಆದ್ದರಿಂದ ಅವರ ಮನೆಗೆ ಹೋದಾಗ ಶಿಷ್ಯರು ಯಾರಾದರೂ ಮೆಲ್ಲಗೆ ನುಡಿಸುವುದು ಕೇಳಿಸುತ್ತದಾ ಗಮನಿಸಿ. ಇದು ಕಿವಿ ಇರುವ ಯಾರಿಗೂ ಗೊತ್ತಾಗುತ್ತದೆ. ಮತ್ತೊಂದು, ಚರ್ಚಿನವರ ಕ್ಯಾಲೆಂಡರ್ ಬೇರೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ (ಮೇರಿ ಮಾತೆಯ ಹುಟ್ಟುಹಬ್ಬ) ಮೊದಲು ಒಂಬತ್ತು ದಿನ ನೊವೆನಾ ಪ್ರಾರ್ಥನೆ, ಡಿಸೆಂಬರ್ ಪೂರ್ತಿ ಕ್ರಿಸ್ಮಸ್ ಪ್ರಾಕ್ಟೀಸು, ಏಪ್ರಿಲ್ ಮೇಯಲ್ಲಿ ಮದುವೆಗಳು. ಆಗ ಪಾಠ ತಪ್ಪಿದರೆ ಮತ್ತೆ ಕೊಡುತ್ತಾರಾ ಎಂದು ಮೊದಲೇ ಕೇಳಿ. ಡಿಸೆಂಬರಿನಲ್ಲಿ ಹೋಗಿ ಬೇಸರ ಮಾಡಿಕೊಳ್ಳಬೇಡಿ.

24ರ ಹುಡುಗಿಯನ್ನು ಪ್ರಾಯ ನೋಡಿ ತಳ್ಳಿಹಾಕಬೇಡಿ. ಇತ್ತೀಚೆಗೆ ಕಲಿತವರಿಗೆ ಕಲಿಯುವ ಕಷ್ಟ ಇನ್ನೂ ನೆನಪಿರುತ್ತದೆ. ಮಕ್ಕಳ ಜೊತೆ ನೆಲದಲ್ಲಿ ಕೂತು ತಾಳ ತಟ್ಟಲು ಮಂಡಿ ನೋವೂ ಇಲ್ಲ. ಅವರ ಡಿಪ್ಲೊಮಾ ನುಡಿಸುವುದಕ್ಕೆ ಕೊಟ್ಟದ್ದಾ, ಕಲಿಸುವುದಕ್ಕೆ ಕೊಟ್ಟದ್ದಾ ಎಂದು ಕೇಳಿ. ಟ್ರಿನಿಟಿಯಲ್ಲಿ ಎರಡೂ ಬೇರೆ ಬೇರೆ ಉಂಟು. ಬರೀ ಗ್ರೇಡ್ 8, ಅಂದರೆ ಕೊನೆಯ ಗ್ರೇಡ್, ಆದವರು ಚೆನ್ನಾಗಿ ನುಡಿಸುತ್ತಾರೆ, ಕಲಿಸುವ ತರಬೇತಿ ಅದರಲ್ಲಿ ಇಲ್ಲ. ಇಲ್ಲದಿದ್ದರೂ ಆಗಬಹುದು, ಯಾರನ್ನಾದರೂ ನೋಡಿ ಕಲಿತಿರುತ್ತಾರೆ. "ಓದಲು ಬಾರದ ಮಕ್ಕಳು ಮೊದಲು ನಿಮ್ಮಲ್ಲಿಗೆ ಬಂದದ್ದು ಉಂಟಾ? ಎಂತ ಮಾಡಿದಿರಿ?" ಎಂಬ ಪ್ರಶ್ನೆ ಸಾಕು. ಉತ್ತರದಲ್ಲಿ ಒಂದು ಮಗುವಿನ ಕಥೆ ಬಂದರೆ ಒಳ್ಳೆಯ ಲಕ್ಷಣ. ಸಿಲೆಬಸ್ ಮಾತ್ರ ಬಂದರೆ ಅಷ್ಟಕ್ಕಷ್ಟೆ. ಈ ಪ್ರಾಯದವರು ಊರಲ್ಲಿ ಎಷ್ಟು ದಿನ ಇರುತ್ತಾರೋ ಹೇಳಲಾಗದು, ದುಬೈಯೋ ಬೆಂಗಳೂರೋ ಕರೆಯುತ್ತದೆ. ಅದೊಂದು ನಷ್ಟ.

ಆನ್‌ಲೈನ್ ಈಗ ಬೇಡ. ಪರದೆಯ ಆಚೆಯಿಂದ ಮಣಿಕಟ್ಟು ಮುಟ್ಟಿ ಸಡಿಲ ಮಾಡಲು ಆಗುವುದಿಲ್ಲ, ಸದ್ದು ತಡವಾಗಿ ಹೋಗುವುದರಿಂದ ಇಬ್ಬರೂ ಒಟ್ಟಿಗೆ ನುಡಿಸಲೂ ಆಗುವುದಿಲ್ಲ. ಎಂಟು ವರ್ಷಕ್ಕೆ ಪಕ್ಕದಲ್ಲಿ ಒಂದು ಜನ ಬೇಕು. ಮುಂದೆ ದೊಡ್ಡವಳಾದಾಗ ಹೋಗಬಹುದು. ಆಗ ಕ್ಯಾಮೆರಾವನ್ನು ಮುಖಕ್ಕೆ ಹಿಡಿಯದೆ ಕೈಗೆ ಹಿಡಿಯಿರಿ. ಝೂಮಿನಲ್ಲಿ ಒರಿಜಿನಲ್ ಸೌಂಡ್ ಆನ್ ಮಾಡಿ. ಇಲ್ಲದಿದ್ದರೆ ಪಿಯಾನೊದ ಉದ್ದ ಸ್ವರವನ್ನು ಅದು ಫ್ಯಾನಿನ ಸದ್ದೆಂದು ತಿಳಿದು ನುಂಗಿಬಿಡುತ್ತದೆ.

ಹಾಗಾಗಿ ಮೊದಲ ಇಬ್ಬರಲ್ಲಿಗೂ ಒಂದೊಂದು ಪಾಠಕ್ಕೆ ಹೋಗಿ. ಫೀಸು ಕೊಟ್ಟೇ ಹೋಗಿ. ಧರ್ಮಕ್ಕೆ ಟ್ರಯಲ್ ಕೇಳಬೇಡಿ, ಅವರ ಸಮಯಕ್ಕೂ ಬೆಲೆ ಉಂಟು. ನೀವೂ ಒಳಗೆ ಕೂತು ನೋಡಬೇಕು. ತಂದೆತಾಯಿ ಒಳಗೆ ಬರಬಾರದು, ಬಾಗಿಲು ಹಾಕಿ ಕಲಿಸುತ್ತೇನೆ ಎನ್ನುವವರಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ, ಅವರು ಎಷ್ಟು ದೊಡ್ಡ ಹೆಸರಿನವರೇ ಆಗಿರಲಿ.

ಒಳಗೆ ಕೂತು ಏನು ನೋಡಬೇಕು? ಒಂದೇ ಒಂದು. ಮಗು ತಪ್ಪಿದಾಗ ಅವರು ಏನು ಮಾಡುತ್ತಾರೆ?

ಕಂಕನಾಡಿಯಲ್ಲಿ ನನ್ನ ಸ್ನೇಹಿತೆಯೊಬ್ಬರು ಕಲಿಸುತ್ತಾರೆ. ಒಮ್ಮೆ ಅವರನ್ನು ನೋಡಲು ಹೋದಾಗ ಪಾಠ ಮುಗಿದಿರಲಿಲ್ಲ, ಮೂಲೆಯಲ್ಲಿ ಕೂತೆ. ಹೊರಗೆ ಜುಲೈ ಮಳೆ. ಒಂಬತ್ತು ವರ್ಷದ ಹುಡುಗ, ಕಾಲು ನೆಲಕ್ಕೆ ಮುಟ್ಟುವುದಿಲ್ಲ. ಕಾಲ ಕೆಳಗೆ ಒಂದು ಮರದ ಮಣೆ ಇಟ್ಟಿದ್ದರು. ನುಡಿಸುತ್ತಾ ಎರಡನೇ ಸಾಲಿನಲ್ಲಿ ನಿಂತ. ಪುನಃ ನುಡಿಸಿದ, ಅಲ್ಲೇ ನಿಂತ. ಸ್ನೇಹಿತೆ ಮಾತಾಡಲಿಲ್ಲ. ಸ್ಟ್ಯಾಂಡಿನ ಮೇಲೆ ಹಳೆಯ ಮದುವೆ ಕಾಗದ ಕತ್ತರಿಸಿದ ಎರಡು ರಟ್ಟು ಇತ್ತು. ಅದನ್ನು ತೆಗೆದು ಆ ಒಂದು ಬಾರ್ (ಎರಡು ನಿಂತ ಗೆರೆಗಳ ನಡುವಿನ ತುಂಡು) ಮಾತ್ರ ಕಾಣುವ ಹಾಗೆ ಆಚೆ ಈಚೆ ಮುಚ್ಚಿದರು.

"ಎಡಗೈ ಮಾತ್ರ. ಯಾವ ಬೆರಳಿಂದ ಶುರು ಮಾಡಿದ್ದಿ?"

"ಹೆಬ್ಬೆರಳು ಟೀಚರ್."

"ಸ್ವರ ಎತ್ತ ಹೋಗ್ತದೆ ನೋಡು."

ಅವನು ನೋಡಿದ. "ಮೇಲೆ."

"ಎಡಗೈ ಹೆಬ್ಬೆರಳಿಂದ ಮೇಲೆ ಯಾವ ಬೆರಳುಂಟು?"

ಹುಡುಗ ಕೈಯನ್ನೇ ನೋಡಿದ. ನಕ್ಕ. "ಬೆರಳೇ ಇಲ್ಲ!"

"ಹಾಗಾದ್ರೆ ಎಂತ ಮಾಡುದು?"

ಕಿರುಬೆರಳಿಂದ ಶುರು ಮಾಡಬೇಕು ಎಂದು ಅವನೇ ಹೇಳಿದ. ಆ ಬಾರನ್ನು ಮೂರು ಸಲ ನುಡಿಸಿದ, ಆಮೇಲೆ ಅದರ ಹಿಂದಿನದನ್ನೂ ಸೇರಿಸಿ ಎರಡು ಸಲ. ರಟ್ಟು ತೆಗೆದರು. ಎಲ್ಲ ಸೇರಿ ನಾಲ್ಕು ನಿಮಿಷ ಆಗಿರಬಹುದು. ಆ ತಪ್ಪು ಅವನಿಗೆ ಮತ್ತೆ ಬರಲಿಲ್ಲ, ನಾನು ಹೊರಡುವವರೆಗಂತೂ.

ಇನ್ನೊಂದು ಬಗೆ ನೀವು ಎಲ್ಲಿ ಬೇಕಾದರೂ ನೋಡಬಹುದು. ಮಗು ತಪ್ಪುತ್ತದೆ, "ಪುನಃ ಮೊದಲಿಂದ." ಮತ್ತೆ ತಪ್ಪುತ್ತದೆ, "ಗಮನ ಎಲ್ಲುಂಟು? ಪುನಃ." ಐದನೇ ಸಲಕ್ಕೆ ಸರಿಯಾಗುತ್ತದೆ, "ಹಾಂ, ಗುಡ್." ಯಾಕೆ ತಪ್ಪಿತು ಎಂದು ಮಗುವಿಗೂ ಗೊತ್ತಿಲ್ಲ, ಯಾಕೆ ಸರಿಯಾಯಿತು ಎಂದೂ ಗೊತ್ತಿಲ್ಲ. ನಾಳೆ ಮನೆಯಲ್ಲಿ ಅಲ್ಲೇ ನಿಲ್ಲುತ್ತದೆ. ಇದಕ್ಕಿಂತ ಕೆಟ್ಟದ್ದು, ಟೀಚರ್ ಮಗುವನ್ನು ಸರಿಸಿ ತಾವೇ ಕೂತು ಪೂರ್ತಿ ನುಡಿಸಿ ತೋರಿಸುವುದು. ಕೇಳಲು ಬಹಳ ಚೆಂದ. ನಿಮಗೆ "ಆಹಾ, ಎಂಥ ಟೀಚರ್" ಅನ್ನಿಸುತ್ತದೆ. ನಿಮ್ಮ ಮಗಳಂಥ ಕಿವಿ ಇರುವವಳಿಗೆ ಅದೇ ವಿಷ, ಅವಳು ಮತ್ತೊಮ್ಮೆ ಕೇಳಿ ಹಿಡಿದುಬಿಡುತ್ತಾಳೆ.

ಟೀಚರ್ ಎಷ್ಟು ಚೆನ್ನಾಗಿ ನುಡಿಸುತ್ತಾರೆ ಎಂಬುದಕ್ಕೆ ತುಂಬಾ ಮರುಳಾಗಬೇಡಿ. ಅವರ ಹತ್ತಿರ ಮೂರು ವರ್ಷ ಕಲಿತ ಸಾಧಾರಣ ಮಗು ಒಂದು ಸಿಗುತ್ತದಾ ನೋಡಿ. ಹುಷಾರು ಮಗು ಬೇಡ, ಅದು ಎಲ್ಲಿ ಹೋದರೂ ಕಲಿಯುತ್ತದೆ. ಆ ಮಗುವಿನ ಹತ್ತಿರ "ಪರೀಕ್ಷೆಯದ್ದು ಬಿಟ್ಟು ಬೇರೆ ಎಂತ ಬರ್ತದೆ?" ಎಂದು ಕೇಳಿ. ಸಾಲಾಗಿ ಏಳೆಂಟು ಹೆಸರು ಹೇಳಿ, "ಇದೊಂದು ನುಡಿಸ್ಲಾ?" ಎಂದು ಸ್ಟೂಲಿನ ಕಡೆ ಓಡಿದರೆ ನಿಮ್ಮ ಹುಡುಕಾಟ ಮುಗಿಯಿತು. ಅಮ್ಮನ ಮುಖ ನೋಡಿದರೆ ಯೋಚನೆ ಮಾಡಿ. ಓದಲು ಕಲಿಯುವ ಮಗು ವರ್ಷಕ್ಕೆ ಮೂರು ಪೀಸಿನಲ್ಲಿ ಕಲಿಯುವುದಿಲ್ಲ. ವಾರಕ್ಕೊಂದು ಹೊಸ ಸಣ್ಣ ಪೀಸು ಬೇಕು, ತೀರಾ ಸುಲಭದ್ದು, ಪೂರ್ತಿ ಚೆಂದ ಆಗುವ ಮೊದಲೇ ಬಿಟ್ಟು ಮುಂದಕ್ಕೆ ಹೋಗುವಂಥದ್ದು. ಕನ್ನಡ ಓದಲು ಕಲಿತಾಗಲೂ ನಾವು ಒಂದೇ ಪಾಠವನ್ನು ವರ್ಷವಿಡೀ ಓದಿದ್ದಲ್ಲ ಅಲ್ವಾ? ಬಸ್ಸಿನ ಬೋರ್ಡು, ಅಂಗಡಿ ಬೋರ್ಡು, ಚಕ್ಕುಲಿ ಕಟ್ಟಿದ ಪೇಪರು, ಸಿಕ್ಕಿದ್ದೆಲ್ಲ ಓದಿದೆವು.

ಇನ್ನು ವಾದ್ಯ. ಎಷ್ಟು ಒಳ್ಳೆಯ ಟೀಚರ್ ಸಿಕ್ಕಿದರೂ 61 ಕೀಗಳ ಹಗುರ ಕೀಬೋರ್ಡಿನಲ್ಲಿ ಇನ್ನು ಜಾಸ್ತಿ ದೂರ ಹೋಗಲಾಗದು. ಪಿಯಾನೊಕ್ಕೆ 88 ಕೀ, 52 ಬಿಳಿ, 36 ಕಪ್ಪು. ಸಂಖ್ಯೆಗಿಂತ ಮುಖ್ಯ ಕೀಯ ಭಾರ. ಹಗುರ ಕೀಯಲ್ಲಿ ಅಭ್ಯಾಸ ಮಾಡಿದ ಬೆರಳು ಟೀಚರ ಮನೆಯ ಪಿಯಾನೊದಲ್ಲಿ ಕೆಸರಿನಲ್ಲಿ ನಡೆದ ಹಾಗೆ ನಡೆಯುತ್ತದೆ. ಭಾರದ ಕೀಗಳಿರುವ 88ರ ಡಿಜಿಟಲ್ ಪಿಯಾನೊ ನಲವತ್ತು ಸಾವಿರದ ಆಚೀಚೆಯಿಂದ ಶುರುವಾಗುತ್ತದೆ. ಈಗಲೇ ಓಡಬೇಡಿ. ಹೊಸ ಟೀಚರಲ್ಲಿ ಮೂರು ತಿಂಗಳು ಆಗಲಿ, ಅವರೇ ಹೇಳಲಿ. ಅಲ್ಲಿಯ ತನಕ ಕೀಬೋರ್ಡಿನ ಎತ್ತರ ಸರಿ ಮಾಡಿ. ಮಂಚದ ಮೇಲೆ ಇಟ್ಟು ನುಡಿಸುವುದು ಬೇಡ. ಕೂತಾಗ ಮೊಣಕೈ ಕೀಗಳ ಮಟ್ಟದಲ್ಲಿರಬೇಕು.

ಯಾರಾದರೂ "ಹಳೆ ಬಂಗ್ಲೆಯಲ್ಲಿ ಒಂದು ಮರದ ಪಿಯಾನೊ ಉಂಟು, ಕಡಿಮೆಗೆ ಕೊಡ್ತಾರೆ ಮಾರಾಯ್ರೆ" ಎಂದರೆ ಕೈ ಮುಗಿದು ಬನ್ನಿ. ಒಳಗೆ ಇನ್ನೂರಕ್ಕೂ ಮೀರಿ ಉಕ್ಕಿನ ತಂತಿ, ಉಣ್ಣೆಯ ಫೆಲ್ಟು, ಮರದ ಭಾಗಗಳು. ಜೂನಿಂದ ಸೆಪ್ಟೆಂಬರಿನ ತನಕ ನಮ್ಮ ಕರಾವಳಿಯ ತೇವ ಈ ಮೂರನ್ನೂ ತಿನ್ನುತ್ತದೆ. ಮರ ಉಬ್ಬಿ, ಒತ್ತಿದ ಕೀ ಮೇಲೆ ಬರುವುದಿಲ್ಲ. ನನ್ನ ಪಿಯಾನೊದಲ್ಲಿ ಪ್ರತಿ ಮಳೆಗಾಲದ ಆಟಿ ತಿಂಗಳಲ್ಲಿ ಒಂದೆರಡು ಸ್ವರ ಮೌನವ್ರತ ಹಿಡಿಯುತ್ತದೆ. ಟೀಚರ ಮನೆಯಲ್ಲಿ ಇಂಥ ಪಿಯಾನೊ ಇದ್ದರೆ ಕೊನೆಗೆ ಟ್ಯೂನ್ ಮಾಡಿಸಿದ್ದು ಯಾವಾಗ ಎಂದು ಕೇಳಲು ಸಂಕೋಚ ಬೇಡ. ಮನೆಯ ಡಿಜಿಟಲ್ ಸರಿಯಾದ ಶ್ರುತಿಯಲ್ಲಿರುತ್ತದೆ. ಅಲ್ಲಿಯದು ಅರ್ಧ ಮನೆ ಕೆಳಗೆ ಕೂತಿದ್ದರೆ, ನಿಮ್ಮ ಮಗಳಂಥ ಕಿವಿಗೆ ಎರಡು ಊರಿನ ನೀರು ಕುಡಿದ ಹಾಗಾಗುತ್ತದೆ.

ಫೀಸಿನ ಲೆಕ್ಕ ತಿಂಗಳಿಗಾ ಪಾಠಕ್ಕಾ, ಪಾಠ ಅರ್ಧ ಗಂಟೆಯದ್ದಾ ಮುಕ್ಕಾಲು ಗಂಟೆಯದ್ದಾ, ಒಬ್ಬಳಿಗೇ ಕಲಿಸುವುದಾ ನಾಲ್ಕು ಮಕ್ಕಳನ್ನು ಹೆಡ್‌ಫೋನ್ ಹಾಕಿ ಕೂರಿಸುವುದಾ, ಇದೆಲ್ಲ ಮೊದಲ ದಿನವೇ ಮಾತಾಡಿ. ಜಿಲ್ಲಾಧಿಕಾರಿಗಳು ಮಳೆಗೆ ಶಾಲೆಗೆ ರಜೆ ಕೊಟ್ಟ ದಿನ ಪಾಠ ಉಂಟಾ ಎಂಬುದನ್ನೂ ಕೇಳಿ. ನಗಬೇಡಿ, ಪ್ರತಿ ಜುಲೈಯಲ್ಲಿ ನನ್ನ ಫೋನಿಗೆ ಬೆಳಿಗ್ಗೆ ಏಳಕ್ಕೆ ಬರುವ ಮೆಸೇಜು ಇದೇ.

ಬಿಡುವುದಾದರೆ ಮರ್ಯಾದೆಯಿಂದ ಬಿಡಿ. ವಾಟ್ಸಾಪಿನಲ್ಲಿ ಒಂದು ಸಾಲು ಹಾಕಿ ಮಾಯವಾಗಬೇಡಿ. ತಿಂಗಳು ಮುಗಿಸಿ, ಮಗಳನ್ನು ಕರೆದುಕೊಂಡು ಹೋಗಿ ಹೇಳಿ ಬನ್ನಿ. ಎರಡು ವರ್ಷ ಅವಳು ಪಿಯಾನೊ ಬಿಡದೆ ಉಳಿದದ್ದು ಅವರಿಂದಲೇ. ಮತ್ತೆ ಈ ಊರು ಸಣ್ಣದು. ಪಿಯಾನೊ ಕಲಿಸುವವರೆಲ್ಲ ಒಬ್ಬರಿಗೊಬ್ಬರು ಪರಿಚಯದವರು. ಇಬ್ಬರಲ್ಲಿ ಒಟ್ಟಿಗೆ ಕಲಿಯುವುದು, ಒಬ್ಬರ ವಿಷಯ ಇನ್ನೊಬ್ಬರಿಗೆ ಹೇಳುವುದು ಎರಡೂ ಬೇಡ. ಹೊಸಬರಲ್ಲಿ "ಹಿಂದಿನವರು ಸರಿ ಇಲ್ಲ" ಎನ್ನಬೇಡಿ. "ಓದಲು ಬರುವುದಿಲ್ಲ, ಒಂದು ವರ್ಷ ಪರೀಕ್ಷೆ ಬೇಡ, ಬೇಕಾದರೆ ಮೊದಲ ಪುಸ್ತಕದಿಂದಲೇ ಶುರು ಮಾಡಿ" ಎಂದಷ್ಟೇ ಹೇಳಿ. ಹೀಗೆ ಹೇಳುವ ಪಾಲಕರು ವರ್ಷಕ್ಕೊಬ್ಬರು ಬಂದರೆ ನನ್ನ ಪುಣ್ಯ.

ಉಳಿದದ್ದು ಅಜ್ಜನ ಪದ. ಅದನ್ನು ಖಂಡಿತ ನಿಲ್ಲಿಸಬೇಡಿ. ಗಮಕ ಪಿಯಾನೊದಲ್ಲಿ ಬರುವುದಿಲ್ಲ, ಸ್ವರದಿಂದ ಸ್ವರಕ್ಕೆ ಜಾರಲು ಅಲ್ಲಿ ದಾರಿಯೇ ಇಲ್ಲ. ಪದದ ಗೂಡು ಮಾತ್ರ ಸಿಗುತ್ತದೆ. ಸಿಗಲಿ. ಯಾವ ಶ್ರುತಿಯಲ್ಲಿ ಹಾಡುತ್ತೀರಿ ಎಂದು ಅಜ್ಜನನ್ನು ಕೇಳಲು ಹೇಳಿ. ಭಾಗವತರ ಪದ ಕೇಳಿ ಬೆಳೆದವರಾದರೆ ಕಪ್ಪು ಮೂರು, ಬಿಳಿ ನಾಲ್ಕು ಎಂದು ಅವರಿಗೆ ಗೊತ್ತಿರುತ್ತದೆ. ಹಾರ್ಮೋನಿಯಂನ ಬಿಳಿ ಒಂದು ಎಂದರೆ ಪಿಯಾನೊದ ಸಿ, ಅಲ್ಲಿಂದ ಬಲಕ್ಕೆ ಬಿಳಿಯನ್ನೂ ಕಪ್ಪನ್ನೂ ಬೇರೆ ಬೇರೆ ಎಣಿಸುವುದು. ಶಂಕರಾಭರಣ ರಾಗದ ಒಂದು ಸಣ್ಣ ಭಜನೆಯನ್ನು ಮೊದಲು ಬಿಳಿ ಒಂದರಿಂದ ನುಡಿಸಲಿ, ಎಲ್ಲ ಬಿಳಿ ಕೀಗಳೇ ಸಾಕು. ಆಮೇಲೆ ಅದನ್ನೇ ಬಿಳಿ ನಾಲ್ಕರಿಂದ ನುಡಿಸಲಿ. ಮಧ್ಯಮ (ಸರಿಗಮದ 'ಮ') ಬಂದಾಗ ಬಿಳಿ ಕೀ ಅಪಸ್ವರವಾಗುತ್ತದೆ. ಕಪ್ಪು ಐದು ಬೇಕು ಎಂದು ಅವಳ ಕಿವಿಯೇ ಹೇಳುತ್ತದೆ, ನೀವು ಹೇಳಬೇಡಿ. ಕ್ವಾಯರಿನ ಗಂಟಲು ಏಳದ ದಿನ ಆ ಆರ್ಗನ್ ಹಿರಿಯರು ಮಾಡುವುದೂ ಇದೇ ಕೆಲಸ. ಆ ಕಪ್ಪು ಕೀ ಸಿಕ್ಕಿದ ದಿನ ಒಂದು ಕಾಗದದಲ್ಲಿ ಐದು ಗೆರೆ ಎಳೆದುಕೊಡಿ, ಅಜ್ಜನ ಮೊದಲ ಸಾಲನ್ನು ಅವಳೇ ಚುಕ್ಕಿ ಇಟ್ಟು ಬರೆಯಲಿ. ತಪ್ಪಿದ್ದರೆ ಇರಲಿ, ಹೊಸ ಟೀಚರಿಗೆ ತೋರಿಸಲು ಆಯಿತು. ಕೆಳಗೆ ಅಕ್ಷರ ಮಾತ್ರ ಬರೆಯಬಾರದು.